ಅಳತೆ ಪುಸ್ತಕದ ಕೆಳಗಿನ ಅರ್ಧ ಪುಟ

 

ಡೊಂಬಿವಲಿ ಪೂರ್ವದ ಮನೆಯಲ್ಲೇ ಮಶೀನು ಹಾಕಿಕೊಂಡು ಗುಳೇದಗುಡ್ಡ ಖಣದ ಕುಪ್ಪಸ, ಪರ್ಸು, ತೋರಣ ಹೊಲಿದು ಮಾರತೊಡಗಿದ್ದೀ ಎಂದು ಬರೆದಿದ್ದೀ. ಓದಿ ಸಂತೋಷವಾಯಿತು. ನೀನು ಕಳಿಸಿದ ಫೋಟೊಗಳನ್ನೂ ನೋಡಿದೆ. ಬಣ್ಣದ ಡಬ್ಬಿ, ಒಳಗೆ ಗುಲಾಬಿ ಕಾಗದ, ಮೇಲೆ ಹೊಂಬಣ್ಣದ ರಿಬ್ಬನ್ನು, ‘ನಮ್ಮ ಬಳಗಕ್ಕೆ ಸ್ವಾಗತ’ ಎಂದು ಅಚ್ಚು ಹಾಕಿಸಿದ ಕಾರ್ಡು. ‘ಇಷ್ಟೆಲ್ಲ ಮಾಡಿದರೂ ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲವಲ್ಲ ಮಾವಶಿ, ಏನು ಮಾಡಲಿ?’ ಎಂದು ಕೇಳಿದ್ದೀ. ಠಾಣೆಯಿಂದ ಕಲ್ಯಾಣದವರೆಗೆ, ಆ ಕಡೆ ವಾಶಿ, ನೆರೂಳಿನ ತನಕ ನಿನ್ನಂತೆ ಮನೆಯಲ್ಲೇ ಕುಳಿತು ಕೈಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳು ಎಷ್ಟೋ ಮಂದಿ. ಅವರೂ ಓದಲಿ ಎಂದು ಉತ್ತರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ಡಬ್ಬಿ ಚೆನ್ನಾಗಿದೆ. ಆದರೆ ಅದು ಗಿರಾಕಿಯ ಮನೆ ಮುಟ್ಟಿದ ದಿನವೇ ಕಸದ ಬುಟ್ಟಿ ಸೇರುತ್ತದೆ, ಅದರ ಖರ್ಚು ಮಾತ್ರ ನಿನ್ನ ದರದಲ್ಲಿ ಉಳಿಯುತ್ತದೆ. ಕಾರ್ಡಿನ ವಿಷಯ ಇನ್ನೂ ಬೇರೆ. ಎಲ್ಲರಿಗೂ ಒಂದೇ ಮಾತು ಅಚ್ಚಾಗಿದ್ದರೆ ಅದರಲ್ಲಿ ನಿನ್ನದೂ ಇಲ್ಲ, ಅವರದೂ ಇಲ್ಲ.

ನಿನ್ನ ಕೈಯಲ್ಲಿರುವ ಮಾಲು ಒಳ್ಳೆಯದು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣಕ್ಕೆ ಮೊದಲಿನಿಂದಲೂ ಮಹಾರಾಷ್ಟ್ರ ದೊಡ್ಡ ಪೇಟೆ. ಉಡಿ ತುಂಬುವುದಕ್ಕೆ ಖಣ ಬೇಕು, ಗುಡಿ ಪಾಡವಾದಂದು ಏರಿಸುವ ಗುಡಿಗೆ ಖಣ ಬೇಕು, ಗೌರಿಗೆ ಬೇಕು. ಅದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಇತ್ತೀಚೆಗೆ ಖಣದ ಸೀರೆಯೇ ಬಂದಿದೆ, ಕಿವಿಯೋಲೆ ಕೂಡ. ಅದರ ಹಿಂದೆಯೇ ಪವರ್‌ಲೂಮಿನ ಪಾಲಿಯೆಸ್ಟರ್ ಖಣವೂ ಬಂದು ಸ್ಟೇಶನ್ ಹೊರಗಿನ ಸಾಲಿನಲ್ಲಿ ರಾಶಿ ಬಿದ್ದಿದೆ. ದೂರದಿಂದ ನೋಡಿದರೆ ಎರಡೂ ಒಂದೇ. ಹಾಗಾಗಿ ಮಾಲಿನ ಮೇಲಷ್ಟೇ ನೆಚ್ಚಿಕೊಂಡರೆ ಕಾಯಂ ಗಿರಾಕಿ ಆಗುವುದಿಲ್ಲ. ಒಂದು ಕೆಲಸ ಮಾತ್ರ ಇವತ್ತಿನಿಂದಲೇ ಮಾಡು: ಕೈಮಗ್ಗದ್ದನ್ನು ಕೈಮಗ್ಗ ಎಂದೂ ಪವರ್‌ಲೂಮಿನದನ್ನು ಪವರ್‌ಲೂಮ್ ಎಂದೂ ಬಿಲ್ಲಿನ ಮೇಲೆ ಬರೆದು ಕೊಡು. ಕಡಿಮೆ ದರದ್ದು ಮಾರುವುದು ತಪ್ಪಲ್ಲ, ಅದನ್ನು ಕೈಮಗ್ಗವೆಂದು ಮಾರಬಾರದು ಅಷ್ಟೇ.

ಕಾಯಂ ಗಿರಾಕಿ ಎಂದರೆ ಏನು ಎಂದು ತಿಳಿಯಬೇಕಿದ್ದರೆ ಚೌತಿಗೆ ಮುಂಚೆ ನಿನ್ನ ಹತ್ತಿರದ ಗಣಪತಿ ಕಾರ್ಖಾನೆಗೊಮ್ಮೆ ಹೋಗಿ ಬಾ. ಈ ಕಡೆಯ ಎಷ್ಟೋ ಮನೆಯವರು ಹಬ್ಬಕ್ಕೆ ವಾರಗಟ್ಟಲೆ ಮುಂಚೆಯೇ ತಮ್ಮ ಮನೆಯ ಪಾಟ್ ತಂದು ಮೂರ್ತಿಕಾರನಿಗೆ ಕೊಟ್ಟು ಹೋಗುತ್ತಾರೆ. ಪಾಟ್ ಎಂದರೆ ನಮ್ಮ ಮಣೆ. ಅದಕ್ಕೆ ಹೆಸರಿನ ಚೀಟಿ ಅಂಟಿರುತ್ತದೆ. ಎತ್ತರ ಎಷ್ಟು, ಪೀತಾಂಬರ ಯಾವ ಬಣ್ಣ, ಕುಳಿತದ್ದೋ ಒರಗಿದ್ದೋ ಎಂಬುದನ್ನು ಅವನಿಗೆ ಮತ್ತೆ ಹೇಳಬೇಕಾಗಿಲ್ಲ. ‘ನಮ್ಮದು ಎಂದಿನಂತೆ’ ಅಂದರೆ ಮುಗಿಯಿತು. ಅಪ್ಪ ತರುತ್ತಿದ್ದ ಕಾರ್ಖಾನೆಯಿಂದಲೇ ಮಗನೂ ತರುತ್ತಾನೆ, ಪಕ್ಕದ ಓಣಿಯಲ್ಲಿ ಅದಕ್ಕಿಂತ ಅಗ್ಗದ ಮೂರ್ತಿ ಸಿಕ್ಕರೂ ಹೋಗುವುದಿಲ್ಲ. ಆ ಮೂರ್ತಿಕಾರ ಯಾರಿಗೂ ರಿಬ್ಬನ್ ಕಟ್ಟಿ ಕೊಟ್ಟವನಲ್ಲ. ಪ್ರತಿ ಮನೆಯ ‘ಎಂದಿನಂತೆ’ ಏನೆಂದು ಅವನಿಗೆ ಗೊತ್ತು. ಅವನ ಗಂಟು ಅಷ್ಟೇ.

ಹೊಲಿಗೆಯವರಿಗೆ ಆ ಪಾಟಿನ ಜಾಗದಲ್ಲಿರುವುದು ಅಳತೆ ಪುಸ್ತಕ. ನೀನು ಫೋನಿನಲ್ಲೇ ಎಲ್ಲ ಇಟ್ಟುಕೊಳ್ಳುವವಳು. ಇದೊಂದಕ್ಕೆ ಗಟ್ಟಿ ರಟ್ಟಿನ ಉದ್ದನೆಯ ಪುಸ್ತಕ ತಗೋ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಹೆಸರು, ನಂಬರು, ತಾರೀಖು. ಅದರ ಕೆಳಗೆ ಎದೆ, ಸೊಂಟ, ಭುಜ, ತೋಳಿನ ಉದ್ದ ಮತ್ತು ಸುತ್ತು, ಮುಂದಿನ ಕೊರಳು, ಹಿಂದಿನ ಕೊರಳು. ಪಕ್ಕದಲ್ಲಿ ಹೊಲಿದ ಬಟ್ಟೆಯ ಬೆರಳಗಲದ ತುಣುಕು ಪಿನ್ ಮಾಡು. ಇಷ್ಟನ್ನು ಯಾವ ದರ್ಜಿಯಾದರೂ ಮಾಡುತ್ತಾನೆ. ನಾನು ಹೇಳುವುದು ಕೆಳಗಿನ ಅರ್ಧ ಪುಟದ ಮಾತು. ಅದನ್ನು ಖಾಲಿ ಬಿಟ್ಟಿರು. ಟೇಪು ಹಿಡಿದು ಅಳೆಯುವಾಗ ಅವರು ಆಡುವ ಮಾತೆಲ್ಲ ಅಲ್ಲಿಗೆ ಬರಲಿ. ‘ಬಲ ಭುಜ ತುಸು ಇಳಿದಿದೆ.’ ‘ಲೇಸು ಚುಚ್ಚುತ್ತದೆ, ಹಾಕಬಾರದು.’ ‘ಮನೆಯಲ್ಲಿ ಹಿಂದಿನ ಹುಕ್ಕು ಹಾಕಿಕೊಡುವವರಿಲ್ಲ, ಮುಂದೆಯೇ ಇರಲಿ.’ ‘ಲೋಕಲ್‌ನಲ್ಲಿ ನಿಂತೇ ಹೋಗುತ್ತಾರೆ, ಮೇಲಿನ ಹಿಡಿಕೆ ಹಿಡಿಯಲು ಕೈ ಎತ್ತಬೇಕು, ಕಂಕುಳಲ್ಲಿ ಬಿಗಿ ಬೇಡ.’ ‘ತಂಗಿಯ ಮದುವೆ ಮಾರ್ಗಶಿರದಲ್ಲಿ.’

ಈ ಕಂಕುಳಿನ ಮಾತನ್ನೇ ನೋಡು. ಡೊಂಬಿವಲಿಯಿಂದ ಮುಂಬಯಿಗೆ ದಿನಾ ನಿಂತು ಹೋಗುವ ಹೆಣ್ಣುಮಗಳ ಕುಪ್ಪಸ ಮೊದಲು ಹರಿಯುವುದು ಅಲ್ಲಿಯೇ. ಅಳತೆ ಸರಿಯಿದ್ದೂ ಹರಿಯುತ್ತದೆ, ಏಕೆಂದರೆ ನಾವು ಕೈ ಇಳಿಬಿಟ್ಟು ನಿಲ್ಲಿಸಿ ಅಳೆಯುತ್ತೇವೆ. ಒಮ್ಮೆ ಕೈ ಎತ್ತಿಸಿ ನೋಡು. ಕಂಕುಳಿಗೆ ಅದೇ ಬಟ್ಟೆಯ ಸಣ್ಣದೊಂದು ಚೌಕ ತುಂಡು ಸೇರಿಸು. ಮುಂದಿನ ಸಲ ಬಂದಾಗ ‘ಕಂಕುಳಲ್ಲಿ ಈಗ ಹೇಗಿದೆ ವೈನಿ?’ ಎಂದು ಕೇಳು. ಆ ಒಂದು ಪ್ರಶ್ನೆಯ ಮುಂದೆ ನಿನ್ನ ಕಾರ್ಡು ಏನೂ ಅಲ್ಲ. ಬೇರೆ ದರ್ಜಿಯ ಹತ್ತಿರ ಹೋದರೆ ತನ್ನ ಮೈಯ ಕಥೆಯನ್ನು ಮೊದಲಿನಿಂದ ಹೇಳಬೇಕು ಎಂಬುದು ಆಕೆಗೆ ಗೊತ್ತಾಗುತ್ತದೆ. ಐವತ್ತು ರೂಪಾಯಿ ಉಳಿಸಲು ಯಾರೂ ಆ ಉಸಾಬರಿ ಮಾಡುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ, ಬಹಳ ಮಂದಿ ಮರೆಯುವಂಥದು. ಹೊಲಿಯುವವಳಿಗೆ ಹೆಂಗಸರ ಮೈಯ ಗುಟ್ಟು ಗೊತ್ತಿರುತ್ತದೆ. ಎದೆಯ ಆಪರೇಶನ್ ಆದವರು ಬರುತ್ತಾರೆ. ಅವರಿಗೆ ಒಂದು ತೋಳು ಬಾತಿರಬಹುದು, ಕೈ ಪೂರ್ತಿ ಮೇಲೆ ಎತ್ತಲಾಗದಿರಬಹುದು. ಒಂದು ತೋಳನ್ನು ಸಡಿಲ ಬಿಟ್ಟು, ಮುಂದೆ ಹುಕ್ಕು ಇಟ್ಟು, ಒಳಗೆ ಮೆತ್ತನೆಯ ಹತ್ತಿಯ ಅಸ್ತರು ಕೊಟ್ಟು, ಏನೂ ಕೇಳದೆ ಹೊಲಿದು ಕೊಡು. ಅಂಥವರ ಪುಟದಲ್ಲಿ ಕಾಯಿಲೆಯ ಹೆಸರು ಬರೆಯಬೇಡ, ‘ಎಡತೋಳು ಸಡಿಲ’ ಎಂದರೆ ಸಾಕು. ಮತ್ತೊಬ್ಬ ಗಿರಾಕಿ ಕುಳಿತಿರುವಾಗ ಅಳತೆಯ ಅಂಕಿಗಳನ್ನು ಜೋರಾಗಿ ಕೂಗಿ ಬರೆಸಬೇಡ. ‘ಹೋದ ವರ್ಷಕ್ಕಿಂತ ದಪ್ಪ ಆಗಿದ್ದೀರಿ’ ಎನ್ನುವ ಸಲಿಗೆ ಯಾರ ಮುಂದೆಯೂ ಬೇಡ. ವ್ಯಾಪಾರದಲ್ಲಿ ಆತ್ಮೀಯತೆ ಎಂದು ಎಲ್ಲರೂ ಹೇಳುತ್ತಾರೆ, ಅದರಲ್ಲಿ ಬಾಯಿ ಬಿಗಿಹಿಡಿಯುವುದೇ ಮುಕ್ಕಾಲು ಪಾಲು ಎಂದು ನನ್ನ ಮತ.

ಇನ್ನು ಬಟ್ಟೆ ಕೊಡುವ ಹೊತ್ತು, ತಾರೀಖು. ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬಂದು ನಿಂತದ್ದು ಠಾಣೆಯಲ್ಲಿ. ಅಂದಿನಿಂದ ಈ ಕಡೆಯ ಜನರ ಬದುಕು ಲೋಕಲ್ಲಿನ ಹೊತ್ತಿಗೆ ಕಟ್ಟುಬಿದ್ದಿದೆ. ಸಂಜೆ ಆರಕ್ಕೆ ನೀನು ಬಾಗಿಲು ಹಾಕಿದರೆ ನಿನ್ನ ಅರ್ಧ ಗಿರಾಕಿಗಳು ಇನ್ನೂ ಘಾಟ್ಕೋಪರ್ ಕೂಡ ದಾಟಿರುವುದಿಲ್ಲ. ಬೇಕಾದರೆ ಮಧ್ಯಾಹ್ನ ಮಲಗು, ರಾತ್ರಿ ಒಂಬತ್ತರವರೆಗೆ ತೆರೆದಿಡು. ಎಂಟು ಗಂಟೆಗೆ ಸ್ಟೇಶನ್ನಿನಿಂದ ನೇರ ನಿನ್ನ ಬಾಗಿಲಿಗೆ ಬಂದವಳಿಗೆ ‘ಇನ್ನೂ ಹುಕ್ಕು ಹಚ್ಚಿಲ್ಲ, ನಾಳೆ ಬನ್ನಿ’ ಎನ್ನುವುದಿದೆಯಲ್ಲ, ಅದಕ್ಕಿಂತ ಸುಲಭವಾಗಿ ಗಿರಾಕಿಯನ್ನು ಕಳೆದುಕೊಳ್ಳುವ ದಾರಿ ನನಗೆ ತಿಳಿದಿಲ್ಲ. ತಡವಾಗುತ್ತದೆ ಎಂದು ಗೊತ್ತಾದರೆ ಆಕೆ ಆಫೀಸು ಬಿಡುವ ಮುಂಚೆ ಫೋನು ಮಾಡು.

ಹಬ್ಬದ ಹೊತ್ತಿನಲ್ಲಿ ತಾರೀಖು ಇನ್ನೂ ಬಿಗಿ. ನಿಮ್ಮ ಊರಿನ ಗಣೇಶ ಮಂದಿರ ಸಂಸ್ಥಾನದವರು 1999ರಲ್ಲಿ ಶುರುಮಾಡಿದ ಪಾಡವಾದ ಸ್ವಾಗತ ಯಾತ್ರೆ ಈಗ ಎಷ್ಟೋ ಊರುಗಳಿಗೆ ಹಬ್ಬಿದೆ. ಆ ದಿನ ನೌವಾರಿ ಸೀರೆ ಉಟ್ಟು ಹೊರಡುವವಳಿಗೆ ಮಾರನೆಯ ದಿನ ಸಿಕ್ಕ ಕುಪ್ಪಸದಿಂದ ಏನು ಪ್ರಯೋಜನ? ದೀಪಾವಳಿಯ ಬೆಳಗ್ಗೆ ಸಿಂಗರಿಸಿಕೊಂಡು ಫಡಕೆ ರಸ್ತೆಯಲ್ಲಿ ಸೇರುವ ಹುಡುಗಿಯರ ವಿಷಯವೂ ಅದೇ. ಕೈಗೆ ಎಷ್ಟು ಆಗುತ್ತದೆಯೋ ಅಷ್ಟೇ ಒಪ್ಪಿಕೋ. ಮಿಕ್ಕವರಿಗೆ ಬೇರೆ ಒಳ್ಳೆಯ ದರ್ಜಿಯ ಹೆಸರು ನೀನೇ ಹೇಳು. ಹಾಗೆ ಕಳಿಸಿದವರು ಸಿಟ್ಟಾಗಿ ಹೋಗುವುದಿಲ್ಲ, ಹಬ್ಬ ಮುಗಿದ ಮೇಲೆ ನಿನ್ನ ಬಳಿಗೇ ಬರುತ್ತಾರೆ.

ಇನ್ನು ಹೊಲಿಗೆ. ಅದರ ಒಳಗೆ ಒಂದೂವರೆ ಇಂಚು ಮಾರ್ಜಿನ್ ಬಿಡು. ಅಸ್ತರನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಎಳೆದುಕೊಂಡು ಮೇಲಿನ ಖಣ ಸುಕ್ಕಾಗುತ್ತದೆ. ಖಣದ ಅಂಚು ಎರಡೂ ತೋಳಿಗೆ ಸಮವಾಗಿ ಬರುವಂತೆ ಮೊದಲೇ ಗುರುತು ಹಾಕಿಕೋ. ಮಾರ್ಜಿನ್ ಬಿಟ್ಟ ವಿಷಯವನ್ನು ಕೊಡುವಾಗ ಬಾಯಿಬಿಟ್ಟು ಹೇಳು: ‘ಬಿಗಿಯಾದರೆ ತನ್ನಿ, ಬಿಚ್ಚಿ ಕೊಡುತ್ತೇನೆ.’ ಒಂದು ವರ್ಷದವರೆಗೆ ಅದಕ್ಕೆ ಹಣ ತೆಗೆದುಕೊಳ್ಳಬೇಡ. ಬಿಚ್ಚಿ ಹೊಲಿಯಲು ಅರ್ಧ ಗಂಟೆ ಬೇಡ, ಅಷ್ಟರಲ್ಲಿ ಆಕೆ ನಿನ್ನ ಮನೆಯಲ್ಲಿ ಕುಳಿತು ಹೊಸ ಖಣಗಳನ್ನು ನೋಡುತ್ತಾಳೆ. ಉಳಿದ ಚೂರುಗಳನ್ನೂ ಮಡಿಚಿ ವಾಪಸು ಕೊಡು. ಅದು ಅವರ ಬಟ್ಟೆ. ಪರ್ಸಿಗೆ ಬೇಕೆನಿಸಿದರೆ ಕೇಳಿ ಇಟ್ಟುಕೋ.

ಬೇಡ ಎನ್ನುವುದನ್ನೂ ಕಲಿ. ಅಜ್ಜಿಯ ಇಳಕಲ್ ಸೀರೆ ಕತ್ತರಿಸಿ ಕುಪ್ಪಸ ಮಾಡಿಕೊಡು ಎಂದು ಯಾರಾದರೂ ತರುತ್ತಾರೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡು. ಮಡಿಕೆಯ ಗುಂಟ ಎಳೆ ಬಿಟ್ಟಿದ್ದರೆ ಅದು ಹೊಲಿಗೆ ತಡೆಯುವುದಿಲ್ಲ. ಇಳಕಲ್ ಸೀರೆಯ ಸೆರಗನ್ನು ಮೈಸೀರೆಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ, ಒಮ್ಮೆ ಕತ್ತರಿ ಹಾಕಿದರೆ ಮತ್ತೆ ಆಗದು. ‘ಇದನ್ನು ಹೀಗೇ ಇಡಿ’ ಎನ್ನು. ಆ ದಿನದ ದುಡ್ಡು ಹೋಗುತ್ತದೆ, ಆದರೆ ಆಕೆ ಮುಂದೆ ಮದುವೆ ಜವಳಿ ತರುವುದು ನಿನ್ನ ಹತ್ತಿರವೇ.

ಗಿರಾಕಿಯನ್ನು ಕೇಳಿ ಕೊಡುವುದೆಂದರೆ ಏನೆಂಬುದಕ್ಕೆ ಠಾಣೆಯ ಮಾಮಲೇದಾರ ಮಿಸಳ್ ನೋಡು, ನಿನಗೆ ಗೊತ್ತೇ ಇದೆ. 1946ರಲ್ಲಿ ತಹಸೀಲ್ದಾರ್ ಕಚೇರಿಯ ಪಕ್ಕದಲ್ಲಿ ಕ್ಯಾಂಟೀನಾಗಿ ಅದನ್ನು ಶುರುಮಾಡಿದವರು ಕರ್ನಾಟಕದಿಂದ ಬಂದ ಮುರ್ಡೇಶ್ವರ ಮನೆತನದವರು. ಆಮೇಲೆ ಲಕ್ಷ್ಮಣ ಮುರ್ಡೇಶ್ವರರು ಅದನ್ನು ಬೆಳೆಸಿದರು. ಅಲ್ಲಿ ಆರಾಮಾಗಿ ಕೂರುವ ಸೌಕರ್ಯಕ್ಕೆಂದು ಯಾರೂ ಹೋಗುವುದಿಲ್ಲ. ಖಾರ ಕಡಿಮೆಯೋ, ಮಧ್ಯಮವೋ, ತೀಖಟವೋ ಎಂದು ಕೇಳಿ ಕೊಡುತ್ತಾರೆ. ಒಂದೇ ತಿಂಡಿ, ಆದರೂ ಪ್ರತಿಯೊಬ್ಬನದೂ ಅವನ ನಾಲಗೆಗೆ ತಕ್ಕದ್ದು. ನಿನ್ನ ಖಣವೂ ಒಂದೇ, ತೋಳಿನ ಉದ್ದ ಕೇಳಿ ಕತ್ತರಿಸುವುದು ನಿನ್ನ ಕೈಯಲ್ಲಿದೆ.

ವಾಟ್ಸಾಪಿನಲ್ಲಿ ದಿನಾ ಬೆಳಗ್ಗೆ ಶುಭೋದಯ, ಹಬ್ಬಕ್ಕೊಂದು ಆಫರು, ಇವೆಲ್ಲ ನಿಲ್ಲಿಸು. ಇನ್ನೂರು ಜನಕ್ಕೆ ಒಂದೇ ಮೆಸೇಜು ಹೋದರೆ ಅದನ್ನು ಯಾರೂ ತಮಗೆ ಬಂದದ್ದು ಎಂದುಕೊಳ್ಳುವುದಿಲ್ಲ. ಪುಸ್ತಕ ತೆಗೆದು ನೋಡಿ ಒಬ್ಬರಿಗೆ ಬರೆ: ‘ತಂಗಿಯ ಮದುವೆ ಹತ್ತಿರ ಬಂತಲ್ಲ, ನೀವು ಕೇಳಿದ್ದ ಜಾಂಬಳಿ ಬಣ್ಣದ ಖಣ ಬಂದಿದೆ, ಎತ್ತಿಡಲೇ?’ ಡಿಸ್ಕೌಂಟಿನ ಬಗ್ಗೆಯೂ ಅಷ್ಟೇ. ದರ ಇಳಿಸಿ ಹಿಡಿದ ಗಿರಾಕಿ ಇನ್ನೊಬ್ಬರು ಹತ್ತು ರೂಪಾಯಿ ಇಳಿಸಿದ ದಿನ ಅಲ್ಲಿಗೆ ಹೋಗುತ್ತಾಳೆ. ಅದು ಆಕೆಯ ತಪ್ಪಲ್ಲ, ನೀನು ಕಲಿಸಿದ್ದು.

ಬೇಲಾಪುರದ ಅರ್ಬನ್ ಹಾಟ್‌ನಲ್ಲಿ ಸ್ಟಾಲ್ ಹಾಕುವ ಆಸೆ ಇದೆ ಎಂದಿದ್ದೀ. ಹಾಕು. ಸಿಡ್ಕೋ ಸಂಸ್ಥೆಯವರ ಆ ಜಾಗಕ್ಕೆ ಬೇರೆ ಬೇರೆ ರಾಜ್ಯಗಳ ನೇಕಾರರೂ ಬರುತ್ತಾರೆ, ಅವರ ಕೆಲಸ ನೋಡುವುದೇ ಒಂದು ಪಾಠ. ಆದರೆ ಅಲ್ಲಿಗೂ ಪುಸ್ತಕ ಒಯ್ಯು. ಗದ್ದಲದಲ್ಲಿ ನಂಬರು ಮಾತ್ರ ಬರೆದುಕೊಂಡರೆ ಮನೆಗೆ ಬಂದ ಮೇಲೆ ಯಾವ ನಂಬರು ಯಾರದೆಂದೇ ತಿಳಿಯುವುದಿಲ್ಲ. ಏನು ಕೊಂಡರು, ಏನು ಕೇಳಿ ಸಿಗದೆ ಹೋದರು, ಅದನ್ನೂ ಬರೆ. ಸಿಗದೆ ಹೋದದ್ದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮುಂದೆ ಕೆಲಸ ಹೆಚ್ಚಾಗಿ ಸಹಾಯಕ್ಕೆ ಹುಡುಗಿಯರನ್ನು ಇಟ್ಟುಕೊಂಡಾಗ ಕಾಜಾ, ತುರಪಿ, ಹುಕ್ಕು ಅವರಿಗೆ ಬಿಡು. ಅಳತೆ ತೆಗೆಯುವುದನ್ನೂ ಕೈಗೆ ಬಟ್ಟೆ ಕೊಟ್ಟು ಕಳಿಸುವುದನ್ನೂ ನೀನೇ ಮಾಡು. ಜನ ನೋಡಬೇಕಾದದ್ದು ನಿನ್ನ ಮುಖ.

ಸದ್ಯಕ್ಕೆ ಉಳಿದ ಡಬ್ಬಿಗಳಲ್ಲಿ ತೋರಣ ತುಂಬಿ ಮಾರಿಬಿಡು, ಹೊಸದಾಗಿ ಮಾಡಿಸಬೇಡ. ಶ್ರಾವಣಕ್ಕೆ ಮುಂಚೆ ಪುಸ್ತಕ ಕೊಂಡು, ಈವರೆಗೆ ಬಂದ ಒಬ್ಬೊಬ್ಬರಿಗೂ ಫೋನು ಮಾಡಿ ‘ಕುಪ್ಪಸ ಸರಿಯಾಗಿದೆಯೇ, ಏನಾದರೂ ತಿದ್ದಬೇಕೇ’ ಎಂದು ಕೇಳು. ಅವರು ಹೇಳಿದ್ದನ್ನು ಕೆಳಗಿನ ಅರ್ಧ ಪುಟದಲ್ಲಿ ಬರೆದುಕೊಂಡು, ಗೌರಿ ಹಬ್ಬದ ಆರ್ಡರು ಯಾವ ತಾರೀಖಿಗೆ ನಿಲ್ಲಿಸುತ್ತೀ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬಾಗಿಲಿಗೆ ಅಂಟಿಸು.

ಇಂತಿ ನಿನ್ನ
ಮಾವಶಿ