ಮಕ್ಕಳ ಬಯೋಡೇಟಾ ಎಷ್ಟು ಪುಟ ಇರಬೇಕು?



ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ತಿಂಗಳಲ್ಲಿ ಸಂಘದ ಸಭೆಗೆ ಬಂದರೆ, ಉಳಿತಾಯ ಸಾಲದ ಲೆಕ್ಕ ಮುಗಿದ ಕೂಡಲೇ ಬರುವ ಮಾತು ಒಂದೇ. ಮಕ್ಕಳ ಮುಂದಿನ ದಾರಿ ಏನು? ಕೆಲವರು ಕಾಲೇಜು ಸೇರ್ತಾರೆ, ಕೆಲವರು ಐಟಿಐ. ಇನ್ನು ಕೆಲವರು ಓದಿನ ಖರ್ಚಿಗೆ ಆಗಲಿ ಅಂತ ರಜೆಯಲ್ಲಿ ಬಟ್ಟೆ ಅಂಗಡಿ, ಬೇಕರಿ, ಕ್ಲಿನಿಕ್ಕು ಅಂತ ಕೆಲಸ ಕೇಳಿಕೊಂಡು ಹೋಗ್ತಾರೆ. ಅಲ್ಲಿ ಮೊದಲು ಕೇಳೋದು, "ಬಯೋಡೇಟಾ ತಂದಿದ್ದೀಯಾ?" ಅಂತ. ಹುಡುಗಿ ಡಿಟಿಪಿ ಅಂಗಡಿಗೆ ಓಡ್ತಾಳೆ, ಮೂರು ಪುಟ ಹೊಡೆಸಿಕೊಂಡು ಬರ್ತಾಳೆ, ಅದಕ್ಕೊಂದು ಪ್ಲಾಸ್ಟಿಕ್ ಫೈಲು ಬೇರೆ. ಪುಟ ಹೆಚ್ಚಾದಷ್ಟೂ ತೂಕ ಹೆಚ್ಚು ಅಂತ ನಮ್ಮ ಅನೇಕ ತಾಯಂದಿರ ನಂಬಿಕೆ.

ಈ ಪಾಠದಲ್ಲಿ ನಾವು ಹೇಳುವುದು ಅದಕ್ಕೆ ಉಲ್ಟಾ. ಹೈಸ್ಕೂಲು, ಪಿಯುಸಿ ಮಕ್ಕಳ ಬಯೋಡೇಟಾ ಒಂದೇ ಪುಟ ಇರಬೇಕು. ಎ4 ಹಾಳೆ, ಒಂದೇ ಬದಿ. ಮುಕ್ಕಾಲು ಪುಟಕ್ಕೆ ಮುಗಿದರೆ ಉಳಿದದ್ದು ಖಾಲಿ ಇರಲಿ, ತುಂಬಿಸುವ ಅಗತ್ಯವಿಲ್ಲ.

ಅದನ್ನು ಓದುವವರು ಯಾರು ಅಂತ ಸ್ವಲ್ಪ ಯೋಚಿಸಿ. ಗಲ್ಲಾಪೆಟ್ಟಿಗೆ ಮುಂದೆ ಕೂತ ಅಂಗಡಿ ಯಜಮಾನರು, ಇಲ್ಲವೇ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ನರ್ಸಮ್ಮ. ಗಿರಾಕಿ ನಿಂತಿರುವಾಗಲೇ ಅವರು ಹಾಳೆ ನೋಡ್ತಾರೆ. ಹೆಸರು, ಊರು, ಏನು ಓದಿದ್ದಾಳೆ, ಏನು ಬರುತ್ತದೆ, ಫೋನ್ ನಂಬರ್, ಇಷ್ಟು ಸಿಕ್ಕಿದರೆ ಅವರ ಕೆಲಸ ಆಯಿತು. ಎರಡನೇ ಪುಟ ತಿರುಗಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಇನ್ನೊಂದು ವಿಷಯ, ಹದಿನಾರು ಹದಿನೇಳು ವರ್ಷದ ಮಗುವಿನ ಬಗ್ಗೆ ನಿಜವಾಗಿ ಬರೆಯುವಂಥದ್ದು ಒಂದು ಪುಟದಷ್ಟೇ ಇರುತ್ತದೆ. ಅದಕ್ಕಿಂತ ಉದ್ದ ಮಾಡಬೇಕಾದರೆ ಬೇರೆಯವರ ಮಾತು ಸೇರಿಸಬೇಕು, ಇಲ್ಲಾ ಸುಳ್ಳು ಸೇರಿಸಬೇಕು. ತೊಂದರೆ ಶುರುವಾಗೋದು ಅಲ್ಲಿಂದ.

ಹಾಗಾದರೆ ಮೂರು ಪುಟ ಎಲ್ಲಿಂದ ಬರುತ್ತದೆ? ನಮಗೆ ಬಯೋಡೇಟಾ ಅಂದ ಕೂಡಲೇ ನೆನಪಾಗೋದು ಮದುವೆಯದ್ದು. ಎತ್ತರ, ಮೈಬಣ್ಣ, ಜಾತಿ, ರಾಶಿ ನಕ್ಷತ್ರ ಅಥವಾ ಚರ್ಚು, ತಂದೆಯ ಉದ್ಯೋಗ, ಅಣ್ಣ ಏನು ಮಾಡ್ತಾನೆ, ಅಕ್ಕನನ್ನು ಎಲ್ಲಿಗೆ ಕೊಟ್ಟಿದೆ, ಎಲ್ಲವೂ ಅದರಲ್ಲಿ ಬರಬೇಕು. ಡಿಟಿಪಿ ಅಂಗಡಿಯವರು ಎಷ್ಟೋ ಸಲ ಅದೇ ನಮೂನೆಯಲ್ಲಿ ಹೆಸರು ಬದಲಿಸಿ ಕೊಟ್ಟುಬಿಡ್ತಾರೆ. ಕೆಲಸದ ಬಯೋಡೇಟಾಕ್ಕೆ ಇದು ಯಾವುದೂ ಬೇಡ. ಬಿಲ್ಲು ಬರೆಯುವ ಹುಡುಗಿಯ ಮೈಬಣ್ಣ ಕಟ್ಟಿಕೊಂಡು ಅಂಗಡಿಯವರಿಗೆ ಏನಾಗಬೇಕು? ಆಧಾರ್ ನಂಬರ್ ಅಂತೂ ಬರೆಯಲೇಬೇಡಿ. ಕೆಲಸ ಸಿಕ್ಕಿದ ಮೇಲೆ ಕೇಳಿದರೆ ತೋರಿಸಬಹುದು. ಹತ್ತು ಕಡೆ ಹಂಚುವ ಹಾಳೆಯಲ್ಲಿ ಅದು ಇರಬಾರದು. ಕೇಳದೇ ಫೋಟೋ ಅಂಟಿಸುವುದೂ ಬೇಡ.

ಆಮೇಲೆ ಮೇಲ್ಗಡೆ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಇರುತ್ತದೆ. ಹೆಸರಾಂತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಪಡೆದು ಸಂಸ್ಥೆಯ ಏಳಿಗೆಗೆ ದುಡಿಯುವುದೇ ನನ್ನ ಗುರಿ, ಅನ್ನುವ ಅರ್ಥದ್ದು. ಬೇಕರಿಯವರು ಅದನ್ನು ಓದಿ "ಇದರ ಅರ್ಥ ಹೇಳಮ್ಮ" ಅಂದರೆ ಮಗು ತಲೆ ತಗ್ಗಿಸುತ್ತದೆ. ಆ ಪ್ಯಾರಾ ತೆಗೆದರೆ ಏನೂ ನಷ್ಟವಿಲ್ಲ. ಬೇಕಿದ್ದರೆ ಮಗುವಿನ ಮಾತಿನಲ್ಲೇ ಒಂದು ಸಾಲು ಸಾಕು: "ಏಪ್ರಿಲ್, ಮೇ ರಜೆಯಲ್ಲಿ ಬಿಲ್ಲಿಂಗ್ ಅಥವಾ ಪ್ಯಾಕಿಂಗ್ ಕೆಲಸ ಮಾಡಲು ಇಷ್ಟ."

ಒಂದು ಪುಟದಲ್ಲಿ ಏನಿರಬೇಕು ಅಂದರೆ, ಮೊದಲು ಹೆಸರು. ಅಂಕಪಟ್ಟಿಯಲ್ಲಿ ಇರುವ ಹಾಗೇ, ಇನಿಷಿಯಲ್ ಸಮೇತ. ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಹೆಸರು ಇದ್ದರೆ ಮುಂದೆ ಸಂಬಳ ಖಾತೆಗೆ ಬೀಳುವಾಗ ಒದ್ದಾಟ. ಆಮೇಲೆ ಊರು, ತಾಲ್ಲೂಕು. ಫೋನ್ ನಂಬರ್ ತಾಯಿಯದ್ದೋ ತಂದೆಯದ್ದೋ ಇರಲಿ, ಕರೆ ಮೊದಲು ಮನೆಯವರಿಗೆ ಬರಲಿ. ನಂತರ ಓದು. 2025ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಗೆ 625ಕ್ಕೆ 410 ಬಂದಿದ್ದರೆ ಶಾಲೆಯ ಹೆಸರು, ವರ್ಷ, 410/625 ಅಂತ ಒಂದು ಸಾಲು. ಒಂದನೇ ತರಗತಿಯಿಂದ ಪಟ್ಟಿ ಮಾಡುವ ಅಗತ್ಯ ಇಲ್ಲ. ಅಂಕ ಕಡಿಮೆ ಇದ್ದರೆ "ಪಾಸ್" ಅಂತ ಬರೆದರೂ ತಪ್ಪಲ್ಲ. ಕೇಳಿದಾಗ ಮಾತ್ರ ನಿಜ ಹೇಳಬೇಕು. ವಿಷಯ ಬಾಕಿ ಉಳಿದಿದ್ದರೆ "ಗಣಿತ ಬಾಕಿ, ಮತ್ತೆ ಬರೆಯುತ್ತಿದ್ದೇನೆ" ಅಂತಲೇ ಬರೆಯಲಿ.

ಈಗ ಮುಖ್ಯ ಭಾಗ: ಅನುಭವ. "ನಮ್ಮ ಮಗಳಿಗೆ ಏನು ಅನುಭವ ಸಿಸ್ಟರ್, ಶಾಲೆಗೆ ಹೋಗಿದ್ದಾಳೆ ಬಂದಿದ್ದಾಳೆ ಅಷ್ಟೇ" ಅಂತ ನೀವು ಹೇಳ್ತೀರಿ. ನಾವು ಒಪ್ಪುವುದಿಲ್ಲ. ನಮ್ಮ ಎಷ್ಟೋ ಸಂಘಗಳಲ್ಲಿ ಲೆಕ್ಕದ ಪುಸ್ತಕ ಬರೆದುಕೊಡುವುದೇ ಸದಸ್ಯರ ಹೆಣ್ಣುಮಕ್ಕಳು. ಹದಿನೈದು ಜನರ ಉಳಿತಾಯ, ಸಾಲ, ಬಡ್ಡಿ, ತಿಂಗಳು ತಿಂಗಳೂ ತಾಳೆ ಆಗಬೇಕು. ಅದು ಅನುಭವ ಅಲ್ಲದೆ ಮತ್ತೇನು? ಹೀಗೆ ಬರೆಯಿರಿ: "2024ರಿಂದ ತಾಯಿಯ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಬರೆಯಲು ಸಹಾಯ. 15 ಸದಸ್ಯರು." ಈ ಒಂದು ಸಾಲು ಅರ್ಧ ಪುಟದ ಇಂಗ್ಲಿಷಿಗಿಂತ ಮೇಲು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಚೀಟಿ ನೋಡಿಕೊಂಡು ಬರುವವಳು, ಸಂತೆಯಲ್ಲಿ ಅಮ್ಮನ ಜೊತೆ ಕೂತು ಚಿಲ್ಲರೆ ಕೊಡುವವಳು, ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುವವಳು, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡವಳು, ಎಲ್ಲರಿಗೂ ಬರೆಯಲು ಒಂದೆರಡು ಸಾಲು ಇದೆ. ಎಷ್ಟು ದಿನದಿಂದ, ಏನು, ಎಷ್ಟು ಅಂತ ಬರೆದರೆ ಓದುವವರಿಗೆ ನಂಬಿಕೆ ಬರುತ್ತದೆ. "ಕಷ್ಟಪಟ್ಟು ದುಡಿಯುವವಳು, ಪ್ರಾಮಾಣಿಕಳು" ಅಂತ ಎಲ್ಲರೂ ಬರೆದುಕೊಳ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ.

ಭಾಷೆಗಳನ್ನು ಮರೆಯಬೇಡಿ. ಕನ್ನಡ, ಇಂಗ್ಲಿಷ್ ಮಾತ್ರ ಬರೆದು ಮನೆಯಲ್ಲಿ ಆಡುವ ಕೊಂಕಣಿ, ತುಳು, ಉರ್ದು, ಲಂಬಾಣಿ ಬಿಡುವವರೇ ಹೆಚ್ಚು. ಆಸ್ಪತ್ರೆ, ಅಂಗಡಿಗಳಲ್ಲಿ ನಾಲ್ಕು ಭಾಷೆಯ ಜನ ಬರ್ತಾರೆ, ಅಲ್ಲಿ ಇದೇ ದೊಡ್ಡ ಗುಣ. ಮಾತಾಡಲು ಯಾವುದು ಬರುತ್ತದೆ, ಓದಿ ಬರೆಯಲು ಯಾವುದು ಅಂತ ಬೇರೆ ಬೇರೆ ಹಾಕಲಿ. ಕಂಪ್ಯೂಟರಿನದ್ದೂ ಹಾಗೇ. ಟ್ಯಾಲಿ ಬರುತ್ತದೆ ಅಂತ ಬರೆದರೆ, ಕಂಪ್ಯೂಟರ್ ಮುಂದೆ ಕೂರಿಸಿದಾಗ ಮಾಡಿ ತೋರಿಸಬೇಕು.

ವಯಸ್ಸಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ. ಕೆಲಸ ಸಿಗಲಿ ಅಂತ 16 ವರ್ಷದವಳಿಗೆ 18 ಅಂತ ಬರೆಸುವುದು ಕೆಲವು ಕಡೆ ನಡೆಯುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿದೆ. ಅದರ ಪ್ರಕಾರ 14 ತುಂಬದ ಮಕ್ಕಳನ್ನು ಅಂಗಡಿ, ಹೋಟೆಲು, ಕಾರ್ಖಾನೆ ಎಲ್ಲೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರೊಳಗಿನವರನ್ನು ಗಣಿ, ಸ್ಫೋಟಕ, ಅಪಾಯಕಾರಿ ರಾಸಾಯನಿಕದಂಥ ಕೆಲಸಗಳಿಗೆ ಹಾಕುವಂತಿಲ್ಲ. ಹುಟ್ಟಿದ ದಿನಾಂಕ ಸುಳ್ಳು ಬರೆಸಿದರೆ ಈ ರಕ್ಷಣೆಯನ್ನು ನಾವೇ ಕೈಯಾರೆ ತೆಗೆದ ಹಾಗೆ. ನಾಳೆ ಕೈಗೆ ಪೆಟ್ಟಾದರೆ "ಇವಳೇ 18 ಅಂತ ಬರೆದುಕೊಟ್ಟಿದ್ದಾಳೆ" ಅಂತ ಯಜಮಾನರು ಆ ಹಾಳೆಯನ್ನೇ ತೋರಿಸ್ತಾರೆ.

ಹಾಳೆ ಯಾರ ಕೈಗೆ ಹೋಗುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಊರಿಗೆ ಬಂದು "ಬೆಂಗಳೂರಲ್ಲಿ ಕೆಲಸ ಕೊಡಿಸ್ತೇನೆ, ಬಯೋಡೇಟಾ, ಫೋಟೋ ವಾಟ್ಸಪ್ ಮಾಡಿ" ಅನ್ನುವವರಿಗೆ ಹೆಣ್ಣುಮಕ್ಕಳ ವಿವರ ಕೊಡಬೇಡಿ. ಕೆಲಸದ ಜಾಗ, ವಿಳಾಸ, ಸಂಬಳ, ಉಳಿಯುವ ವ್ಯವಸ್ಥೆ, ಇಷ್ಟು ಮೊದಲು ಅವರು ಹೇಳಲಿ. ನೀವು ಹೋಗಿ ನೋಡಿಯೇ ಬನ್ನಿ. ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಬಿಟ್ಟು ಬರಬೇಡಿ, ಜೆರಾಕ್ಸ್ ಸಾಕು. ಸಂಶಯ ಬಂದರೆ, ಮಗು ತೊಂದರೆಯಲ್ಲಿದ್ದರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ ಅದು.

ಇನ್ನು ಸಣ್ಣಪುಟ್ಟ ವಿಷಯ. ಕಾಲೇಜು, ಐಟಿಐ, ಹಾಸ್ಟೆಲು, ವಿದ್ಯಾರ್ಥಿವೇತನ ಇದಕ್ಕೆಲ್ಲ ಅವರದ್ದೇ ಅರ್ಜಿ ನಮೂನೆ ಇರುತ್ತದೆ, ಬಯೋಡೇಟಾಕ್ಕೆ ದುಡ್ಡು ಹಾಕಬೇಡಿ. ಒಂದು ಪುಟಕ್ಕೆ ಹಿಡಿಸಲು ಅಕ್ಷರ ಇರುವೆ ಸಾಲಿನಷ್ಟು ಚಿಕ್ಕದು ಮಾಡುವುದೂ ಬೇಡ. ಇಂಗ್ಲಿಷಾದರೆ 11 ಅಥವಾ 12 ಅಳತೆ ಇರಲಿ, ಹಿಡಿಸದಿದ್ದರೆ ವಿಷಯ ಕಡಿಮೆ ಮಾಡಿ. ಕನ್ನಡದಲ್ಲಿ ನುಡಿಯ ಹಳೆ ಅಕ್ಷರದಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು, ಆದ್ದರಿಂದ ಕಳಿಸುವಾಗ ಪಿಡಿಎಫ್ ಮಾಡಿಸಿ. ಚೆಂದದ ಕೈಬರಹ ಇದ್ದರೆ ಹತ್ತಿರದ ಅಂಗಡಿಗೆ ಬಿಳಿ ಹಾಳೆಯಲ್ಲಿ ಕೈಯಲ್ಲೇ ಬರೆದು ಕೊಡಲಿ. ಬಿಲ್ಲು ಬರೆಯುವ ಕೆಲಸಕ್ಕೆ ಅಕ್ಷರವನ್ನೂ ನೋಡಿದ ಹಾಗಾಯಿತು.

ಮುಂದಿನ ಸಭೆಗೆ: ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿದ ಮಕ್ಕಳಿರುವ ಸದಸ್ಯೆಯರು ಮಗುವೇ ಬರೆದ ಒಂದು ಪುಟ ತನ್ನಿ. ಓದು ಬಾರದ ಅಕ್ಕಂದಿರಿಗೆ ಇನ್ನೊಬ್ಬರು ಗಟ್ಟಿಯಾಗಿ ಓದಿ ಹೇಳಲಿ. ಎರಡು ಪ್ರಶ್ನೆ ಮಾತ್ರ ಕೇಳಿಕೊಳ್ಳಿ. ಇದರಲ್ಲಿ ನಮ್ಮ ಮಗು ತಾನೇ ವಿವರಿಸಲಾರದ ಸಾಲು ಯಾವುದು? ಮನೆಯಲ್ಲಿ ದಿನಾ ಮಾಡುವ ಕೆಲಸಗಳಲ್ಲಿ ಬರೆಯದೆ ಬಿಟ್ಟದ್ದು ಯಾವುದು? ಮೊದಲನೆಯದನ್ನು ಹೊಡೆದುಹಾಕಿ ಎರಡನೆಯದನ್ನು ಆ ಜಾಗದಲ್ಲಿ ಬರೆಸಿ.