ಪೋಷಕತ್ವದ ಮಗುವಿಗೆ ಕೋಣೆ: ಅರ್ಧ ದುಡ್ಡು ಹಾಗೇ ಇರಲಿ

ಮನೆಗೆ ಮಗು ಬರುತ್ತದೆ ಎಂದರೆ ಮೊದಲು ಗಮನ ಹೋಗುವುದು ಕೋಣೆಯ ಕಡೆಗೆ. ಕಾಡಿನ ಗೋಡೆ, ಕಡಲಿನ ಗೋಡೆ, ನಕ್ಷತ್ರ ಹೊಳೆಯುವ ಚಾವಣಿ, ಕಾರಿನಾಕಾರದ ಮಂಚ, ಎಲ್ಲವೂ ಈಗ ಒಂದೇ ಪ್ಯಾಕೇಜಿನಲ್ಲಿ ಸಿಗುತ್ತವೆ. ಪೋಷಕತ್ವ ಯೋಜನೆಯಡಿ ಮಗುವನ್ನು ಕರೆತರುವವರಿಗೂ ಈ ಆಸೆ ಸಹಜ. ಹೆತ್ತವರ ಆಸರೆ ತಪ್ಪಿದ ಮಗುವಿಗೆ ತಮ್ಮ ಮನೆಯಲ್ಲಿ ಜಾಗ ಮಾಡಿಕೊಡುವ ಮನಸ್ಸು ಒಂದು ಕೋಣೆಯನ್ನು ಸಿಂಗರಿಸಲು ಹಿಂದೆಮುಂದೆ ನೋಡುವುದಿಲ್ಲ. ಆದರೆ ದುಡ್ಡಿನ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಕೋಣೆಗೆಂದು ತೆಗೆದಿಟ್ಟ ಹಣದಲ್ಲಿ ಅರ್ಧವನ್ನು ಮಗು ಬರುವವರೆಗೆ ಮುಟ್ಟಬೇಡಿ. ಇನ್ನರ್ಧದಲ್ಲಿ ಆದಷ್ಟನ್ನು ಮಗು ಮುಂದೊಂದು ದಿನ ತನ್ನ ಜೊತೆ ಒಯ್ಯಬಹುದಾದ ಸಾಮಾನಿಗೆ ಹಾಕಿ. ಕೋಣೆಯ ಥೀಮ್ ಏನೆಂಬುದನ್ನು ಮಗುವೇ ಹೇಳಲಿ.

ಹೀಗೆನ್ನಲು ಮೊದಲ ಕಾರಣ ವಯಸ್ಸು. ನಮ್ಮಲ್ಲಿ ಪೋಷಕತ್ವಕ್ಕೆ ಬರುವುದು ಹೆಚ್ಚಾಗಿ ಆರು ವರ್ಷ ದಾಟಿದ ಮಕ್ಕಳು. ಎಳೆಯ ಮಕ್ಕಳಿಗೆ ದತ್ತು ಸ್ವೀಕಾರವೇ ಮೊದಲ ದಾರಿ. ತೊಟ್ಟಿಲು, ಅದರ ಮೇಲೆ ತಿರುಗುವ ಗೊಂಬೆ, ತಿಳಿಗುಲಾಬಿ ಪರದೆ, ಹೀಗೆ ಹೊರದೇಶದ ಚಿತ್ರಗಳನ್ನು ನೋಡಿ ಕಲ್ಪಿಸಿಕೊಂಡ ಕೋಣೆ ಇಲ್ಲಿನ ಮಗುವಿಗೆ ಹೊಂದುವುದಿಲ್ಲ. ಬರುವವಳು ಎರಡನೇ ಕ್ಲಾಸಿನ ಹುಡುಗಿ, ಇಲ್ಲವೇ ಏಳನೇ ಕ್ಲಾಸಿನ ಹುಡುಗ. ಅವರಿಗೆ ಆಗಲೇ ಇಷ್ಟಗಳಿವೆ, ಹೆದರಿಕೆಗಳಿವೆ, ಹಿಂದಿನ ಮನೆಯ ನೆನಪಿದೆ. ಎರಡನೆಯ ಕಾರಣ ಕಾನೂನು. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನ ಪ್ರಕಾರ ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸುವುದು ಮಕ್ಕಳ ಕಲ್ಯಾಣ ಸಮಿತಿ. ಸಮಿತಿಯ ಆಕ್ಷೇಪವಿಲ್ಲದಿದ್ದರೆ ಹೆತ್ತವರು ಆಗಾಗ ಬಂದು ಮಗುವನ್ನು ನೋಡಬಹುದು. ಅವರು ಸಾಕಲು ಶಕ್ತರಾಗಿದ್ದಾರೆ ಎಂದು ಸಮಿತಿಗೆ ಅನ್ನಿಸಿದರೆ ಮಗು ಅವರ ಬಳಿಗೇ ಮರಳಬಹುದು. 2024ರ ಮಾದರಿ ಮಾರ್ಗಸೂಚಿಯಂತೆ ಎರಡು ವರ್ಷ ಸಾಕಿದ ಕುಟುಂಬಕ್ಕೆ ಅದೇ ಮಗುವನ್ನು ದತ್ತು ಪಡೆಯುವ ದಾರಿಯೂ ಇದೆ. ಆದರೆ ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲದ ಮಕ್ಕಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಒಟ್ಟಿನಲ್ಲಿ ಮಗು ನಿಮ್ಮ ಮನೆಯಲ್ಲಿ ಎಷ್ಟು ಕಾಲ ಇರುತ್ತದೆ ಎಂದು ಮೊದಲೇ ಹೇಳಲಾಗದು. ಗೋಡೆಗೆ ಹಾಕಿದ ದುಡ್ಡು ಮನೆಗೆ ಉಳಿಯುತ್ತದೆ. ಮಗುವಿನ ಕೈಗೆ ಕೊಟ್ಟದ್ದು ಮಗುವಿನ ಜೊತೆ ಹೋಗುತ್ತದೆ.

ಮಗು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. 2016ರ ಬಾಲನ್ಯಾಯ ಮಾದರಿ ನಿಯಮಗಳು ಮಕ್ಕಳ ಪಾಲನಾ ಸಂಸ್ಥೆಯಲ್ಲಿ 25 ಮಕ್ಕಳಿಗೆ ಸಾವಿರ ಚದರ ಅಡಿಯ ಒಂದು ಮಲಗುವ ಹಾಲ್ ಇರಬೇಕು ಎನ್ನುತ್ತವೆ. ತಲೆಗೆ 40 ಚದರ ಅಡಿ. ಅಂಥ ಹಾಲಿನಲ್ಲಿ ಸಾಲಾಗಿ ಮಲಗಿ ಅಭ್ಯಾಸವಾದ ಮಗುವಿಗೆ ಹತ್ತು ಅಡಿಗೆ ಹತ್ತು ಅಡಿಯ ಕೋಣೆಯಲ್ಲಿ ಒಂಟಿಯಾಗಿ ಮಲಗುವುದು ಮೊದಮೊದಲು ಭಯವೆನಿಸಬಹುದು. ಮಂದ ಬೆಳಕಿನ ಒಂದು ರಾತ್ರಿದೀಪ, ತೆರೆದೇ ಇರುವ ಬಾಗಿಲು, ಪಕ್ಕದಲ್ಲಿ ದೊಡ್ಡವರೊಬ್ಬರು ಬಂದು ಮಲಗಲು ಹಾಸಬಹುದಾದ ಇನ್ನೊಂದು ಹಾಸಿಗೆ, ಇವು ಮೊದಲ ವಾರದ ನಿಜವಾದ ಅಗತ್ಯಗಳು. ಒಡಹುಟ್ಟಿದವರನ್ನು ಆದಷ್ಟೂ ಒಂದೇ ಮನೆಯಲ್ಲಿ ಇರಿಸಬೇಕೆಂದು ಕಾಯ್ದೆಯೇ ಹೇಳುವುದರಿಂದ ಆ ಎರಡನೇ ಹಾಸಿಗೆ ಮುಂದೆ ತಂಗಿಗೋ ತಮ್ಮನಿಗೋ ಬೇಕಾದೀತು.

ಕೋಣೆಗೆ ಒಟ್ಟು 20 ಸಾವಿರ ರೂಪಾಯಿ ತೆಗೆದಿಟ್ಟಿದ್ದೀರಿ ಎಂದುಕೊಳ್ಳೋಣ. ಮೊದಲ ಹತ್ತು ಸಾವಿರದಲ್ಲಿ ಮಂಚ, ಹಾಸಿಗೆ, ಸೊಳ್ಳೆಪರದೆ, ಓದಲು ಒಂದು ಮೇಜು, ಬೀಗವಿರುವ ಒಂದು ಟ್ರಂಕು ಆಗಬೇಕು. ಎಲ್ಲವೂ ಹೊಸದೇ ಆಗಬೇಕೆಂದಿಲ್ಲ. ಮನೆಯಲ್ಲಿರುವ ಹಳೆಯ ಮಂಚವನ್ನು ಬಡಗಿಯಿಂದ ಬಿಗಿ ಮಾಡಿಸಿ ಪಾಲಿಶ್ ಹಾಕಿಸಿದರೆ ಸಾಕು, ಗುಂಜು ಕಟ್ಟಿದ ಹತ್ತಿ ಹಾಸಿಗೆಯನ್ನು ಹಿಂಜಿಸಿ ಹೊಲಿಸಿದರೆ ಹೊಸದರಂತಾಗುತ್ತದೆ. ಮಂಚ ಮಾತ್ರ ಆರಡಿ ಉದ್ದ, ಮೂರಡಿ ಅಗಲದ ಸಾದಾ ಮಂಚವೇ ಇರಲಿ. ಏಳು ವರ್ಷದ ಮಗು ಸುಮಾರು ನಾಲ್ಕು ಅಡಿ ಇರುತ್ತದೆ. ಐದಡಿಯ ಕಾರಿನಾಕಾರದ ಮಂಚ ಇನ್ನು ನಾಲ್ಕೈದು ವರ್ಷಕ್ಕೆ ಗಿಡ್ಡವಾಗುತ್ತದೆ, ಹನ್ನೆರಡರ ಹುಡುಗನಿಗೆ ಅದರಲ್ಲಿ ಮಲಗಲು ನಾಚಿಕೆಯೂ ಆಗುತ್ತದೆ. ಸಾದಾ ಮಂಚ ಹದಿನೆಂಟು ತುಂಬುವವರೆಗೂ ನಡೆಯುತ್ತದೆ.

ಟ್ರಂಕಿಗೆ ಬೀಗ ಏಕೆ ಎಂದು ಕೇಳಬಹುದು. ಎಲ್ಲವನ್ನೂ ಹತ್ತಾರು ಮಕ್ಕಳ ಜೊತೆ ಹಂಚಿಕೊಂಡು ಬೆಳೆದ ಮಗುವಿಗೆ ತನ್ನದೇ ಬೀಗದ ಕೈ ಇರುವುದು ದೊಡ್ಡ ಸಂಗತಿ. ಅದರೊಳಗೆ ಒಂದು ಹಳೆಯ ಫೋಟೋ, ಮುರಿದ ಬಳೆ, ಯಾರೋ ಕೊಟ್ಟ ಪೆನ್ಸಿಲ್ ಇರಬಹುದು. ದೊಡ್ಡವರಿಗೆ ಕಸವೆನಿಸುವ ಅದೇ ಅದರ ಆಸ್ತಿ. ಇನ್ನು ಹೊದಿಕೆ. ಕಾರ್ಟೂನು ಅಚ್ಚಿನ ಸಿಂಥೆಟಿಕ್ ಕಂಬಳಿಯ ಬದಲು ಒಂದು ಕೌದಿ ಹೊಲಿಸಿ. ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಒಂದರ ಪಕ್ಕ ಒಂದು ಇಟ್ಟು ಒತ್ತೊತ್ತಾಗಿ ದಾರ ಓಡಿಸುತ್ತಾರೆ. ನಾಲ್ಕೂ ಮೂಲೆಗೆ ಹೂವಿನಂತೆ ಪುಟ್ಟ ತ್ರಿಕೋನದ ಬಟ್ಟೆ ಸೇರಿಸುತ್ತಾರೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರಿಗೆ ತಮ್ಮದೇ ರೀತಿಯ ಕೌದಿ ಹೊಲಿಗೆ ಗೊತ್ತು. ಬಟ್ಟೆ ಮನೆಯದೇ, ಕೂಲಿಯಷ್ಟೇ ಖರ್ಚು. ಮಗುವಿನ ಹಳೆಯ ಫ್ರಾಕಿನ ಒಂದು ತುಂಡನ್ನೂ ನಡುವೆ ಸೇರಿಸಲು ಬರುತ್ತದೆ. ಮಡಚಿದರೆ ಟ್ರಂಕಿನಲ್ಲಿ ಹಿಡಿಯುತ್ತದೆ, ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತದೆ.

ಇದಕ್ಕೆ ಬರುವ ಬಲವಾದ ಆಕ್ಷೇಪ ನನಗೆ ಗೊತ್ತು. ಬೋಳು ಗೋಡೆಯ ಕೋಣೆಗೆ ಮಗುವನ್ನು ಕರೆತಂದರೆ ಅದಕ್ಕೆ ತಾನು ಬೇಕಾದವಳು ಅನ್ನಿಸುವುದಾದರೂ ಹೇಗೆ? ‘ಸಾಕುಮಗುವಿಗೆ ಇಷ್ಟೇ ಸಾಕು ಅಂದುಕೊಂಡರು’ ಎಂದು ನೆಂಟರು ಆಡಿಕೊಳ್ಳುವುದಿಲ್ಲವೇ? ಆಕ್ಷೇಪದ ಮೊದಲ ಭಾಗದಲ್ಲಿ ಸತ್ಯವಿದೆ, ಅದಕ್ಕಾಗಿಯೇ ಕೋಣೆ ಗುಡಿಸಿ ಸಾರಿಸಿ, ಶುಭ್ರವಾದ ಹಾಸು ಹಾಸಿ, ಬೆಳಕು ಚೆನ್ನಾಗಿ ಬರುವಂತೆ ಇರಬೇಕು ಎನ್ನುತ್ತೇನೆ. ಆದರೆ ಎಲ್ಲ ಸಿಂಗಾರವೂ ಮುಗಿದ ಕೋಣೆಯಲ್ಲಿ ಮಗುವಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಅದು ಯಾವ ಮನೆಯಲ್ಲಿ, ಯಾರ ಜೊತೆ ಇರಬೇಕೆಂಬುದನ್ನು ಇಲ್ಲಿಯವರೆಗೆ ಬಹುಪಾಲು ಬೇರೆಯವರೇ ತೀರ್ಮಾನಿಸಿದ್ದಾರೆ. ಗೋಡೆಯ ಬಣ್ಣವನ್ನಾದರೂ ಅದು ತೀರ್ಮಾನಿಸಲಿ. ನಾಲ್ಕೂ ಗೋಡೆಯ ಮೇಲೆ ರಾಜಕುಮಾರಿಯರನ್ನು ಅಂಟಿಸಿದ ಮೇಲೆ ಹೆತ್ತ ತಾಯಿಯ ಫೋಟೋ ಎಲ್ಲಿ ತೂಗುಹಾಕಲಿ ಎಂದು ಕೇಳುವ ಧೈರ್ಯ ಆ ಮಗುವಿಗೆ ಬಾರದು. ನೆಂಟರ ಮಾತಿಗಿಂತ ಅದು ಮುಖ್ಯ. ಸ್ವಂತ ಮಕ್ಕಳಿರುವ ಮನೆಯಲ್ಲಿ ಇಬ್ಬರಿಗೂ ಒಂದೇ ಅಳತೆ ಇರಲಿ. ಅವರಿಗೆ ಕೊಟ್ಟ ಮೇಜಿನಂಥದೇ ಇವಳಿಗೂ ಕೊಡಿ.

ಮಗು ಬಂದು ಒಂದೆರಡು ತಿಂಗಳಾದ ಮೇಲೆ ಮಿಕ್ಕ ಹತ್ತು ಸಾವಿರವನ್ನು ಹೊರತೆಗೆಯಬಹುದು. ಹುಲಿ ಬೇಕೋ, ಕ್ರಿಕೆಟ್ ಬೇಕೋ, ಚಂದ್ರಯಾನ ಬೇಕೋ ಅದೇ ಹೇಳುತ್ತದೆ. ಹತ್ತಕ್ಕೆ ಹತ್ತಡಿಯ ಒಂದು ಗೋಡೆ ಎಂದರೆ ನೂರು ಚದರ ಅಡಿ. ಎರಡು ಕೋಟ್‌ಗೂ ಒಂದು ಲೀಟರ್ ಒಳ್ಳೆಯ ಎಮಲ್ಷನ್ ಸಾಕಾಗುತ್ತದೆ. ಆದ್ದರಿಂದ ಥೀಮ್ ಒಂದೇ ಗೋಡೆಗೆ ಇರಲಿ, ಮಕ್ಕಳ ಮನಸ್ಸು ಬದಲಾದಾಗ ಮತ್ತೆ ಒಂದು ಲೀಟರಿನಲ್ಲಿ ಮುಗಿಯುತ್ತದೆ. ಬಣ್ಣದಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ, ಡಬ್ಬಿಯ ಮೇಲೆ ಅದನ್ನು ಓದಿಯೇ ಕೊಳ್ಳಿ. ಬಾಡಿಗೆ ಮನೆಯವರು ಗೋಡೆ ಮುಟ್ಟುವ ಗೋಜಿಗೇ ಹೋಗಬಾರದು. ಸ್ಟಿಕರ್ ಕಿತ್ತಾಗ ಬಣ್ಣವೂ ಜೊತೆಗೆ ಕಿತ್ತುಬರುತ್ತದೆ, ಮನೆ ಬಿಡುವಾಗ ಮಾಲೀಕರು ಅದನ್ನು ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಕಿಟಕಿಯಿಂದ ಬಾಗಿಲಿನವರೆಗೆ ಒಂದು ದಾರ ಕಟ್ಟಿ, ಬಟ್ಟೆ ಕ್ಲಿಪ್ಪುಗಳಲ್ಲಿ ಮಗು ಬಿಡಿಸಿದ ಚಿತ್ರಗಳನ್ನು ಸಿಕ್ಕಿಸಿದರೆ ಅದೂ ಥೀಮೇ. ಆಟಿಕೆಗೆಂದು ದುಡ್ಡು ಉಳಿದರೆ ಚನ್ನಪಟ್ಟಣದ ಎರಡು ಮರದ ಗೊಂಬೆ ತನ್ನಿ, ಅವು ಟ್ರಂಕಿಗೆ ಹೋಗುತ್ತವೆ.

ಸರ್ಕಾರದ ನೆರವಿನಿಂದಲೇ ಕೋಣೆ ಮಾಡಿಸಬಹುದಲ್ಲ ಎಂದು ಕೇಳುವವರೂ ಇದ್ದಾರೆ. ಮಿಷನ್ ವಾತ್ಸಲ್ಯದಡಿ ಪೋಷಕತ್ವದ ಮಗುವಿಗೆ ನಿಗದಿಯಾಗಿರುವುದು ತಿಂಗಳಿಗೆ 4,000 ರೂಪಾಯಿ. ದಿನಕ್ಕೆ 133 ರೂಪಾಯಿ ಚಿಲ್ಲರೆ. ಅದರಲ್ಲಿ ಹಾಲು, ಮೊಟ್ಟೆ, ನೋಟ್‌ಬುಕ್ಕು, ಚಪ್ಪಲಿ, ಜ್ವರದ ಔಷಧಿ ಎಲ್ಲ ಆಗಬೇಕು. ಕಾಯ್ದೆ ಪೋಷಕ ಕುಟುಂಬದ ಹೊಣೆ ಎಂದು ಹೆಸರಿಸಿರುವುದು ಶಿಕ್ಷಣ, ಆರೋಗ್ಯ, ಪೌಷ್ಟಿಕತೆಯನ್ನು. ನನ್ನ ಮನೆಯ ಲೆಕ್ಕದಲ್ಲಿ ಒಂದೇ ಸಲದ ಖರ್ಚನ್ನು ತಿಂಗಳ ಖರ್ಚಿನ ಜೊತೆ ಎಂದೂ ಬೆರೆಸುವುದಿಲ್ಲ. ಇಲ್ಲಿ ಆ ನಿಯಮ ಇನ್ನೂ ಕಟ್ಟುನಿಟ್ಟಾಗಿರಬೇಕು. ಸಾಲದ ಮೇಲೆ ಸಿಂಗಾರವಂತೂ ಬೇಡವೇ ಬೇಡ. ಕ್ರೆಡಿಟ್ ಕಾರ್ಡಿನಲ್ಲಿ 20 ಸಾವಿರ ಬಾಕಿ ಉಳಿಸಿಕೊಂಡರೆ, ತಿಂಗಳಿಗೆ ಶೇ 3.5ರ ದರದಲ್ಲಿ ಬಡ್ಡಿಯೇ 700 ರೂಪಾಯಿ. ಮಗುವಿಗೆ ಬರುವ ನೆರವಿನಲ್ಲಿ ಐದು ದಿನದ ಪಾಲು ಅದು. ಮುಗಿದ ಕೋಣೆಯಲ್ಲಿ ಮಗುವನ್ನು ನಿಲ್ಲಿಸಿ ಫೋಟೋ ತೆಗೆದು ಎಲ್ಲರಿಗೂ ಕಳಿಸುವ ಆಸೆಯನ್ನೂ ತಡೆದುಕೊಳ್ಳಿ. ಇಂಥ ಮಕ್ಕಳ ಹೆಸರು, ಗುರುತು ಬಯಲು ಮಾಡುವುದನ್ನು ಅದೇ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ.

ಕಾಯ್ದೆ ಪೋಷಕ ಕುಟುಂಬದಲ್ಲಿ ನೋಡುವುದು ಸಾಮರ್ಥ್ಯ, ಉದ್ದೇಶ, ಶಕ್ತಿ ಮತ್ತು ಹಿಂದಿನ ಅನುಭವವನ್ನು. ಗೋಡೆಯ ಬಣ್ಣದ ಮಾತು ಅಲ್ಲಿಲ್ಲ. ಈಗ 35ರಿಂದ 60 ವರ್ಷದೊಳಗಿನ ಒಂಟಿ ಗಂಡಸರು, ಹೆಂಗಸರಿಗೂ ಅವಕಾಶವಿದೆ. ಒಂದು ಕೋಣೆ ಖಾಲಿಯಿದ್ದು, ಮಗುವನ್ನು ಸಾಕುವ ಮನಸ್ಸಿದ್ದು, ಸಿಂಗರಿಸಲು ದುಡ್ಡಿಲ್ಲವೆಂದು ನೀವು ಹಿಂಜರಿಯುತ್ತಿದ್ದರೆ ದಯವಿಟ್ಟು ಹಿಂಜರಿಯಬೇಡಿ. ಬಣ್ಣದಂಗಡಿಗೆ ಆಮೇಲೆ ಮಗುವಿನ ಜೊತೆಗೇ ಹೋಗಬಹುದು, ಮೊದಲು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ.