ಗುಜರಿ ವೈಸು ಮತ್ತೆ ಬಿಗಿಯಬೇಕೆ?

ಬೆಂಗಳೂರಿನ ಸಂಡೇ ಬಜಾರಿನಲ್ಲಿ ಗೋಣಿಚೀಲದ ಮೇಲೆ ಬಿದ್ದಿದ್ದ ಬಡಗಿ ವೈಸೊಂದನ್ನು ಹೊತ್ತು ತಂದೆ. 7 ಇಂಚಿನ ದವಡೆ, ತುಕ್ಕಿನಡಿ ನೀಲಿ ಬಣ್ಣ, ಎರಕದಲ್ಲೇ ಮೂಡಿದ ‘ರೆಕಾರ್ಡ್ 52’ ಎಂಬ ಗುರುತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸಿ ಅಂಡ್ ಜೆ ಹ್ಯಾಂಪ್ಟನ್ ಕಂಪನಿ ತಯಾರಿಸುತ್ತಿದ್ದ ಮಾಲು. “ಸ್ವಲ್ಪ ಜಾರುತ್ತೆ ಸಾರ್, ಅಷ್ಟೇ” ಎಂದಿದ್ದ ಮಾರುವವ. ಆ ‘ಸ್ವಲ್ಪ’ಕ್ಕೆ ಮೂರು ಭಾನುವಾರ ಹೋದವು.

1. ದುಡ್ಡು ಕೊಡುವ ಮೊದಲು ಬಿರುಕು ಹುಡುಕಿ. ತುಕ್ಕು ಹೋಗುತ್ತದೆ, ಸ್ಪ್ರಿಂಗ್ ಸಿಗುತ್ತದೆ. ಬೀಡು ಕಬ್ಬಿಣ ಬಿರಿದಿದ್ದರೆ ಮಾತ್ರ ಕಷ್ಟ. ಅದರ ಬೆಸುಗೆ ಎಲ್ಲರ ಕೈಗೂ ಬಗ್ಗುವುದಿಲ್ಲ. ಅನುಮಾನ ಬಂದ ಕಡೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಒಸರಿ ಬಿಳಿಯ ನಡುವೆ ಕೂದಲೆಳೆಯಂಥ ಗೆರೆ ಮೂಡುತ್ತದೆ. ಸಂತೆಯಲ್ಲಿ ಇದನ್ನೆಲ್ಲ ಮಾಡಲು ಬಿಡುತ್ತಾರೆಯೇ? ನನಗಂತೂ ಬಿಡಲಿಲ್ಲ. ಅಲ್ಲಿ ಕಣ್ಣಲ್ಲೇ ನೋಡಿದೆ, ಪರೀಕ್ಷೆ ಮನೆಗೆ ಬಂದ ಮೇಲೆ.

2. ಪ್ರತಿ ಹಂತಕ್ಕೂ ಒಂದು ಫೋಟೊ. ವಾಷರ್ ಯಾವ ಕಡೆ ಮುಖ ಮಾಡಿತ್ತು ಎಂಬುದು ಬಿಚ್ಚುವಾಗ ಯಾರಿಗೂ ಮುಖ್ಯವೆನಿಸುವುದಿಲ್ಲ.

3. ಸುತ್ತಿಗೆಗೆ ಕೊನೆಯ ಸರದಿ. ಹಿಂದಿನ ಪಟ್ಟಿಯನ್ನು ಹಿಡಿದಿರುವ ಪಿನ್ನು, ನಟ್ಟುಗಳಿಗೆ ರಾತ್ರಿಯೇ ಡೀಸೆಲ್ ಕುಡಿಸಿ ಮಲಗಿ. ಬೆಳಗ್ಗೆ ಬರದಿದ್ದರೆ ಇನ್ನೊಂದು ರಾತ್ರಿ. ತಟ್ಟಲೇಬೇಕಾದರೆ ನಡುವೆ ಮರದ ತುಂಡಿರಲಿ.

4. ಜಾರುವ ವೈಸಿಗೆ ಮೊದಲು ಸ್ನಾನ, ಆಮೇಲೆ ಔಷಧ. ಈ ಬಗೆಯ ವೈಸಿನಲ್ಲಿ ಹ್ಯಾಂಡಲ್ ಪಕ್ಕ ಒಂದು ಪುಟ್ಟ ಲಿವರ್ ಇರುತ್ತದೆ. ಅದನ್ನು ಒತ್ತಿದರೆ ಅರ್ಧ ನಟ್ಟು ಸ್ಕ್ರೂವಿನಿಂದ ದೂರ ಸರಿದು, ದವಡೆ ಡ್ರಾಯರಿನಂತೆ ಸರ್ರನೆ ಹೊರಬರುತ್ತದೆ. ಬಿಟ್ಟರೆ ಸ್ಪ್ರಿಂಗ್ ನಟ್ಟನ್ನು ಮತ್ತೆ ಥ್ರೆಡ್ಡಿಗೆ ಕಚ್ಚಿಸುತ್ತದೆ. ನನ್ನದು ಕಚ್ಚುತ್ತಿರಲಿಲ್ಲ. ನಟ್ಟು ಸವೆದಿದೆ ಎಂದೇ ತೀರ್ಮಾನಿಸಿ, ಹೊಸದು ಮಾಡಿಸಲು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಕನ್ನಡಕ ಏರಿಸಿ ನೋಡಿದರು: “ಹಲ್ಲು ಸವೆದಿಲ್ಲ ಕಣಪ್ಪ, ಹಲ್ಲುಜ್ಜಿಲ್ಲ ಅಷ್ಟೇ.” ನಿಜ. ದಬ್ಬಣದಿಂದ ಕೆದಕಿದರೆ ಹಲ್ಲುಗಳ ಸಂದಿಯಿಂದ ಮರದ ಪುಡಿ, ಹಳೇ ಗ್ರೀಸು ಸೇರಿ ಗಟ್ಟಿಯಾದ ಕರಿ ಅಂಟು ಎಳ್ಳುಂಡೆಯ ಚೂರಿನಂತೆ ಉದುರಿತು. ಹಲ್ಲಿನ ಅಂಚು ಚೂಪಾಗಿಯೇ ಇತ್ತು. ಸ್ಪ್ರಿಂಗ್ ಮಾತ್ರ ಸೊರಗಿತ್ತು, ಬದಲಿಸಿದೆ.

5. ದೊಡ್ಡ ಭಾಗಗಳಿಗೆ ವೈರ್ ಬ್ರಶ್, ಸಣ್ಣವಕ್ಕೆ ಹುಣಸೆಹುಳಿ. ಹಿತ್ತಾಳೆ ಪಾತ್ರೆ ಬೆಳಗುವ ಅದೇ ಹುಳಿಯಲ್ಲಿ ಒಂದು ದಿನ ನೆನೆಸಿ ಉಜ್ಜಿ. ತೊಳೆದ ಕೂಡಲೇ ಒರೆಸಿ ಎಣ್ಣೆ ಸವರಿ, ಇಲ್ಲವಾದರೆ ಕಾಫಿ ಕುಡಿದು ಬರುವಷ್ಟರಲ್ಲಿ ಕೆಂಪಗಾಗಿರುತ್ತದೆ.

6. ಸ್ಕ್ರೂವಿಗೆ ಗ್ರೀಸು ಮೆತ್ತಬೇಡಿ. ಮರಗೆಲಸದ ಜಾಗದಲ್ಲಿ ಗ್ರೀಸೆಂದರೆ ಪುಡಿಗೆ ಹಾಸಿದ ಹಾಸಿಗೆ. ಮೇಣ ಉಜ್ಜಿದರೆ ಸಾಕು. ನಾನು ಬಳಸಿದ್ದು ಕರೆಂಟು ಹೋದಾಗ ಹಚ್ಚುವ ಮೇಣದ ಬತ್ತಿಯನ್ನೇ.

7. ಜೋಡಿಸಿ ಬಿಗಿದಾಗ ದವಡೆಗಳ ಮೇಲಂಚು ಮೊದಲು ಕೂಡಿ, ಕೆಳಗೆ ಕೊಂಚ ಸಂದಿ ಉಳಿದರೆ ಗಾಬರಿಯಾಗಿ ಅರ ಹಿಡಿಯಬೇಡಿ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಬಿಗಿ ಏರಿದಂತೆ ದವಡೆಯ ಕೆಳಭಾಗವೂ ಬಂದು ಕೂರುತ್ತದೆ.

8. ಕಬ್ಬಿಣದ ದವಡೆ ಬೆಂಚಿನ ಮಟ್ಟಕ್ಕಿಂತ ಸುಮಾರು 12 ಮಿ.ಮೀ. ಕೆಳಗಿರಲಿ. ಒಳಮೈಗೆ ಎರಡು ಮರದ ಹಲಗೆ ಕೂರಿಸಿ, ಅವುಗಳ ತುದಿಯನ್ನು ಬೆಂಚಿನ ಮೇಲ್ಮೈಗೆ ಸಮ ಮಾಡಿ. ಕೈತಪ್ಪಿದ ಉಳಿ ಮರಕ್ಕೆ ತಾಗಬೇಕು, ಕಬ್ಬಿಣಕ್ಕಲ್ಲ. ನನ್ನದಕ್ಕೆ ಹಳೇ ಬಾಗಿಲಿನ ತೇಗ ಸಿಕ್ಕಿತು.

9. ಹ್ಯಾಂಡಲಿಗೆ ಪೈಪು ತೂರಿಸಿ ಬಿಗಿಯುವವರಿಗೆ ವೈಸು ಎರವಲು ಕೊಡಬೇಡಿ, ಸ್ವಂತ ಭಾವನಾದರೂ ಸರಿ. ಮಾಲಿನ ತುಂಡನ್ನು ದವಡೆಯ ಒಂದೇ ಮೂಲೆಯಲ್ಲಿ ಹಿಡಿಸಬೇಕಾದಾಗ ಇನ್ನೊಂದು ಮೂಲೆಗೆ ಅಷ್ಟೇ ದಪ್ಪದ ಚೂರು ಕೊಡಿ, ಇಲ್ಲದಿದ್ದರೆ ದವಡೆ ಸೊಟ್ಟಗೆ ವಾಲುತ್ತದೆ. ಅಂಥ ಚೂರುಗಳನ್ನು ಬೆಂಚಿನ ಕಾಲಿಗೆ ಕಟ್ಟಿದ ಹಾಲಿನ ಡಬ್ಬಿಯಲ್ಲಿ ತುಂಬಿಟ್ಟಿದ್ದೇನೆ. ಬೇಕಾದ ದಪ್ಪದ್ದು ಬೇಕಾದಾಗ ಸಿಗುವುದಿಲ್ಲ ಎನ್ನುವುದು ಬೇರೆ ಮಾತು.